ದುಡ್ಡು ಒಬ್ಬರದು, ಹಸಿವು ಇನ್ನೊಬ್ಬರದು: ನೆರವು ಸಂಸ್ಥೆಯ ಕೆಲಸದ ಖುಷಿ ಮತ್ತು ಸಿಟ್ಟು

2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರು ಒಂದು ಆದೇಶಕ್ಕೆ ಸಹಿ ಹಾಕಿದರು. ವಿದೇಶಿ ನೆರವನ್ನು 90 ದಿನ ತಡೆಹಿಡಿದು ಪರಿಶೀಲನೆ ಮಾಡಬೇಕು ಅಂತ. ಕೆಲವೇ ದಿನಗಳಲ್ಲಿ ‘ಕೆಲಸ ನಿಲ್ಲಿಸಿ’ ಎಂಬ ಪತ್ರಗಳು ದೇಶದೇಶಗಳ ನೆರವು ಸಂಸ್ಥೆಗಳಿಗೆ ಬಂದವು. ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್‌ನ ಶೇ 83ರಷ್ಟು ಕಾರ್ಯಕ್ರಮಗಳು ರದ್ದಾದವು ಎಂಬ ಘೋಷಣೆ ಹೊರಬಿತ್ತು. ಜುಲೈ 1ಕ್ಕೆ ಆ ಸಂಸ್ಥೆಯ ಬಾಗಿಲೇ ಮುಚ್ಚಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವರು ಕೆಲಸ ಸರಿಯಾಗಿ ಮಾಡಲಿಲ್ಲ ಅಂತಲ್ಲ. ಆ ಕೆಲಸ ಅಲ್ಲಿನ ಜನಕ್ಕೆ ಬೇಡವಾಗಿತ್ತು ಅಂತಲೂ ಅಲ್ಲ. ಅವರು ಮತ್ತು ಅವರನ್ನು ನೆಚ್ಚಿಕೊಂಡವರು ಇಬ್ಬರೂ ಇಲ್ಲದ ಒಂದು ಕೋಣೆಯಲ್ಲಿ ತೀರ್ಮಾನ ಆಗಿತ್ತು, ಅಷ್ಟೇ.

ಮಾನವೀಯ ನೆರವಿನ ಸಂಸ್ಥೆಗಳಲ್ಲಿ ದುಡಿಯುವವರ ಬಗ್ಗೆ ಮಾತು ಬಂದರೆ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಹೇಳುತ್ತಾರೆ. ‘ಪುಣ್ಯದ ಕೆಲಸ ಬಿಡಿ’ ಅನ್ನುತ್ತಾರೆ. ಇಲ್ಲವೇ, ‘ಅಷ್ಟೊಂದು ಕಷ್ಟ ದಿನಾ ನೋಡಿ ಹೇಗೆ ತಡೆದುಕೊಳ್ಳುತ್ತಾರೋ ಪಾಪ’ ಅನ್ನುತ್ತಾರೆ. ಎರಡರಲ್ಲೂ ನಿಜ ಇದೆ. ಆದರೆ ಈ ಕೆಲಸದಲ್ಲಿರುವವರು ತಮ್ಮ ತಮ್ಮಲ್ಲೇ ಗೊಣಗುವಾಗ ಕೇಳಿಸಿಕೊಂಡರೆ ಬೇರೆಯೇ ಪಟ್ಟಿ ಸಿಗುತ್ತದೆ. ರಿಪೋರ್ಟು, ಬಜೆಟ್ಟು, ಬಾರದ ಪರ್ಮಿಷನ್ನು, ಮುಗಿಯುತ್ತಿರುವ ಪ್ರಾಜೆಕ್ಟು, ಹೆಡ್ ಆಫೀಸಿನ ಮೀಟಿಂಗು. ಕಷ್ಟದಲ್ಲಿರುವ ಜನರಿಂದ ಸುಸ್ತಾಯಿತು ಅನ್ನುವವರು ಕಡಿಮೆ. ಆ ಜನರಿಗೂ ತಮಗೂ ನಡುವೆ ಬರುವ ಸಂಗತಿಗಳಿಂದ ಸುಸ್ತಾಯಿತು ಅನ್ನುವವರೇ ಜಾಸ್ತಿ.

ಯಾಕೆ ಹೀಗೆ? ಅಂಗಡಿಯಲ್ಲಿ ಸಾಮಾನು ಸರಿಯಿಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ದುಡ್ಡು ಕೊಡುವವನೂ ಅವನೇ, ಸಾಮಾನು ಬಳಸುವವನೂ ಅವನೇ. ನೆರವು ಸಂಸ್ಥೆಯಲ್ಲಿ ಈ ಇಬ್ಬರೂ ಬೇರೆ ಬೇರೆ. ದುಡ್ಡು ಕೊಡುವುದು ದೂರದ ಯಾವುದೋ ಸರ್ಕಾರ, ಫೌಂಡೇಷನ್ನು ಅಥವಾ ತಿಂಗಳಿಗಿಷ್ಟು ಅಂತ ಎತ್ತಿಡುವ ಸಾಮಾನ್ಯ ಮನುಷ್ಯ. ಪಡೆಯುವವರು ಯುದ್ಧ, ಬರ, ಪ್ರವಾಹದಿಂದ ನೆಲೆ ತಪ್ಪಿದವರು. ಇವರಿಗೆ ಪಕ್ಕದ ಅಂಗಡಿ ಇಲ್ಲ. ಕೊಟ್ಟದ್ದು ಹಿಡಿಸದಿದ್ದರೂ ಸಾಲಿನಲ್ಲಿ ನಿಲ್ಲಲೇಬೇಕು. ಹಾಗಾಗಿ ಅವರ ಬೇಸರ ಸಂಸ್ಥೆಯ ಖಜಾನೆಗೆ ತಟ್ಟುವುದಿಲ್ಲ. ದಾನಿಯ ಬೇಸರ ಮಾತ್ರ ಮರುದಿನವೇ ತಟ್ಟುತ್ತದೆ. ಕಾರ್ಯಕರ್ತರು ಈ ಇಬ್ಬರ ನಡುವೆ ನಿಂತಿರುತ್ತಾರೆ. ಅವರಿಗೆ ಖುಷಿ ಬರುವುದು ಒಂದು ಕಡೆಯಿಂದ. ಸಂಬಳ, ಗಡುವು, ಆದೇಶ ಬರುವುದು ಇನ್ನೊಂದು ಕಡೆಯಿಂದ. ಈ ಕೆಲಸದ ಬಹುಪಾಲು ತೃಪ್ತಿಗೂ ಬಹುಪಾಲು ಸಿಟ್ಟಿಗೂ ಇದೇ ಮೂಲ ಅನ್ನುವುದು ನನ್ನ ಅಭಿಪ್ರಾಯ.

ಮಿಲಿಮೀಟರ್ ಲೆಕ್ಕದ ಖುಷಿ

ಖುಷಿ ಅಂದರೆ ಬರೀ ‘ಒಳ್ಳೆಯದು ಮಾಡಿದೆ’ ಎಂಬ ಸಮಾಧಾನ ಅಲ್ಲ. ಈ ಕೆಲಸದಲ್ಲಿ ಫಲ ಕಣ್ಣಿಗೆ ಕಾಣುತ್ತದೆ, ಅದೂ ಬೇಗ.

ತೀವ್ರ ಅಪೌಷ್ಟಿಕತೆಯ ಚಿಕಿತ್ಸೆಯನ್ನೇ ನೋಡಿ. ಐದು ವರ್ಷದೊಳಗಿನ ಮಗುವಿನ ತೋಳಿಗೆ ಬಣ್ಣದ ಅಳತೆಪಟ್ಟಿ ಸುತ್ತುತ್ತಾರೆ. ಸುತ್ತಳತೆ 115 ಮಿಲಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು, ಜೀವಕ್ಕೇ ಅಪಾಯ ಅಂತ ಅರ್ಥ. 125 ದಾಟಿದರೆ ಹಸಿರು. ಕೆಂಪು ಬಂದರೂ ಮಗುವಿಗೆ ಬೇರೆ ತೊಡಕಿಲ್ಲದೆ ಹಸಿವು ಇದ್ದರೆ, ಕಡಲೆಕಾಯಿ, ಹಾಲಿನ ಪುಡಿ, ಎಣ್ಣೆ, ಸಕ್ಕರೆ, ವಿಟಮಿನ್ ಸೇರಿಸಿ ಮಾಡಿದ ಪೇಸ್ಟಿನ ಪೊಟ್ಟಣಗಳನ್ನು ತಾಯಿಯ ಕೈಗೆ ಕೊಟ್ಟು ಮನೆಗೇ ಕಳಿಸುತ್ತಾರೆ. ಆಮೇಲೆ ಆಗಾಗ ಬಂದು ಅಳತೆ ಕೊಡಬೇಕು. ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮಗು ಚೇತರಿಸಿಕೊಳ್ಳುತ್ತದೆ. 1990ರ ದಶಕದ ನಡುವಿನಲ್ಲಿ ಈ ಪೇಸ್ಟು ಬರುವ ಮುಂಚೆ ಇಂಥ ಮಗುವನ್ನು ವಾರಗಟ್ಟಲೆ ಕೇಂದ್ರದಲ್ಲೇ ಇಟ್ಟುಕೊಳ್ಳಬೇಕಿತ್ತು. ತಾಯಿಯೂ ಅಲ್ಲೇ ಇರಬೇಕು, ಮನೆಯಲ್ಲಿ ಉಳಿದ ಮಕ್ಕಳ ಗತಿ ದೇವರೇ ಬಲ್ಲ. ಈಗ ಪಟ್ಟಿ ಸುತ್ತುವ ಕಾರ್ಯಕರ್ತೆಗೆ ತನ್ನ ಕೆಲಸ ಎಷ್ಟು ಫಲ ಕೊಟ್ಟಿತು ಅಂತ ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತಾಗುತ್ತದೆ. ಹೀಗೆ ಫಲ ಅಳೆದು ತೋರಿಸುವ ನೌಕರಿ ಎಷ್ಟಿವೆ ಹೇಳಿ?

ಇನ್ನೊಂದು ಖುಷಿ, ತುರ್ತಿನ ನಡುವೆ ದಾರಿ ಹುಡುಕುವುದರಲ್ಲಿದೆ. 1971ರಲ್ಲಿ ಬಾಂಗ್ಲಾದೇಶ ವಿಮೋಚನೆಯ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ತುಂಬಿದ್ದರು. ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಸಲೈನ್ ಖಾಲಿಯಾಗುತ್ತ ಬಂತು. ವೈದ್ಯ ದಿಲೀಪ್ ಮಹಲನಾಬಿಸ್ ಅವರ ತಂಡ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟಿತು. ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸಿದರು. ಶೇ 30ರ ಹತ್ತಿರವಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. ಬಾಯಿಂದ ಕುಡಿಸಿದರೆ ಸಾಕು ಅನ್ನುವುದನ್ನು ಆಗ ಎಷ್ಟೋ ವೈದ್ಯರು ಒಪ್ಪುತ್ತಿರಲಿಲ್ಲ. ಓಆರ್‌ಎಸ್ ಇವತ್ತು ಇಡೀ ಲೋಕಕ್ಕೆ ಗೊತ್ತಿದೆ. ಅದು ದೊಡ್ಡ ಪ್ರಮಾಣದಲ್ಲಿ ಸಾಬೀತಾದದ್ದು ಒಂದು ನಿರಾಶ್ರಿತರ ಶಿಬಿರದಲ್ಲಿ, ಬೇರೆ ದಾರಿ ಇಲ್ಲದಾಗ.

ಜವಾಬ್ದಾರಿಯೂ ಇಲ್ಲಿ ಬೇಗ ಹೆಗಲೇರುತ್ತದೆ. ನೆರವು ಸಂಸ್ಥೆಗಳೇ ಸೇರಿ 1997ರಲ್ಲಿ ಶುರುಮಾಡಿದ ‘ಸ್ಫಿಯರ್’ ಮಾನದಂಡದ ಪ್ರಕಾರ ಶಿಬಿರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು, 20 ಜನಕ್ಕೆ ಒಂದು ಶೌಚಾಲಯ ಬೇಕು. ಶಿಬಿರದಲ್ಲಿ 20,000 ಜನ ಇದ್ದಾರೆ ಅಂದುಕೊಳ್ಳಿ. ದಿನಕ್ಕೆ 3 ಲಕ್ಷ ಲೀಟರ್ ನೀರು, 1,000 ಶೌಚಾಲಯ. ಇದರ ಹೊಣೆ ಎಷ್ಟೋ ಸಲ ಇನ್ನೂ ಮೂವತ್ತು ದಾಟದ ಎಂಜಿನಿಯರ್ ಒಬ್ಬರ ಮೇಲಿರುತ್ತದೆ. ದೊಡ್ಡ ಕಂಪನಿಯಲ್ಲಿ ಆ ವಯಸ್ಸಿಗೆ ಡ್ರಾಯಿಂಗ್ ತಿದ್ದುತ್ತ ಕೂತಿರಬೇಕಾಗುತ್ತದೆ. ಇಲ್ಲಿ ನಲ್ಲಿ ತಿರುಗಿಸಿದರೆ ನೀರು ಬಂತೋ ಇಲ್ಲವೋ ಅನ್ನುವುದೇ ಪರೀಕ್ಷೆ. ಇದರ ರುಚಿ ಹತ್ತಿದವರು ಮಾಮೂಲಿ ನೌಕರಿಗೆ ವಾಪಸ್ ಹೋಗಿ ಚಡಪಡಿಸುತ್ತಾರೆ. ಜೊತೆಗೆ ಕೆಲಸ ಮಾಡಿದವರ ನಡುವೆ ಬೆಳೆಯುವ ಸ್ನೇಹದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಟ್ಟಿಗೆ ನಿದ್ದೆಗೆಟ್ಟವರು ಬೇಗ ಹತ್ತಿರವಾಗುತ್ತಾರೆ.

ಗಂಟು ಹಾಕಿಕೊಟ್ಟ ದುಡ್ಡು

ಈಗ ಸಿಟ್ಟಿನ ಮಾತು. ಇದು ಸ್ವಲ್ಪ ಉದ್ದ.

ನೆರವಿನ ದುಡ್ಡು ಸಾಮಾನ್ಯವಾಗಿ ಷರತ್ತಿನ ಜೊತೆ ಬರುತ್ತದೆ. ಇಂಥ ದೇಶಕ್ಕೆ, ಇಂಥ ಕೆಲಸಕ್ಕೆ, ಇಷ್ಟು ತಿಂಗಳಲ್ಲಿ ಖರ್ಚು ಮಾಡಬೇಕು ಅಂತ. ಟೀವಿಯಲ್ಲಿ ಕಂಡ ಸಂಕಟಕ್ಕೆ ದುಡ್ಡು ಸುರಿಯುತ್ತದೆ, ಕಾಣದ್ದಕ್ಕೆ ಹನಿ ಹನಿಯಾಗಿ ಬರುತ್ತದೆ. 2004ರ ಡಿಸೆಂಬರ್ 26ರ ಸುನಾಮಿ ಆದ ಸುಮಾರು ಒಂದು ವಾರಕ್ಕೇ ‘ಮೆಡಿಸಾನ್ ಸಾನ್ ಫ್ರಾಂಟಿಯರ್’ ಎಂಬ ವೈದ್ಯರ ಸಂಸ್ಥೆ ವಿಚಿತ್ರ ಅನ್ನಿಸುವ ಪ್ರಕಟಣೆ ಕೊಟ್ಟಿತು. ಸುನಾಮಿಗೆ ಸಾಕಷ್ಟು ದುಡ್ಡು ಬಂದಿದೆ, ಇನ್ನು ಅದಕ್ಕೆ ಕಳಿಸಬೇಡಿ ಅಂತ. ಬಂದ ಹಣವನ್ನು ಬೇರೆ ಸಂಕಟಗಳಿಗೆ ಬಳಸಲು ದಾನಿಗಳ ಒಪ್ಪಿಗೆಯನ್ನೂ ಕೇಳಿತು. ಬಹುತೇಕರು ಒಪ್ಪಿದರು. ಕೆಲವು ಸಂಸ್ಥೆಗಳಿಗೆ ಈ ಪ್ರಕಟಣೆ ಹಿಡಿಸಲಿಲ್ಲ. ತಮ್ಮ ದೇಣಿಗೆಗೂ ಪೆಟ್ಟು ಬೀಳುತ್ತದೆ ಎಂಬ ಭಯ. ಆ ಸಂಸ್ಥೆಗೆ ಹೀಗೆ ಹೇಳುವ ಧೈರ್ಯ ಬಂದದ್ದಕ್ಕೂ ಕಾರಣ ಇದೆ. ಅದರ ಆದಾಯದ ಬಹುಪಾಲು ಲಕ್ಷಾಂತರ ಜನರ ಸಣ್ಣ ಸಣ್ಣ ದೇಣಿಗೆಯಿಂದ ಬರುತ್ತದೆ. ಒಂದೆರಡು ಸರ್ಕಾರಗಳ ಮುಖ ನೋಡುತ್ತ ಕೂರುವ ಸಂಸ್ಥೆಗೆ ಇದು ಸುಲಭ ಅಲ್ಲ.

ಫೀಲ್ಡಿನಲ್ಲಿರುವವರಿಗೆ ಇದು ಹೇಗೆ ಕಾಣುತ್ತದೆ? ಶಿಬಿರದಲ್ಲಿ ಮಕ್ಕಳಿಗೆ ಜ್ವರ, ಔಷಧಿ ಬೇಕು. ಕೈಯಲ್ಲಿರುವ ದುಡ್ಡು ತರಬೇತಿ ಕಾರ್ಯಾಗಾರಕ್ಕೆ ಮಾತ್ರ. ಬದಲಾಯಿಸಬೇಕು ಅಂದರೆ ಅರ್ಜಿ, ಸಮಜಾಯಿಷಿ, ತಿದ್ದಿದ ಬಜೆಟ್ಟು, ಆಮೇಲೆ ಕಾಯುವುದು. ಒಪ್ಪಿಗೆ ಬರುವಷ್ಟರಲ್ಲಿ ಪ್ರಾಜೆಕ್ಟಿನ ಅವಧಿ ಮುಗಿಯುತ್ತ ಬಂದಿರುತ್ತದೆ. ತುರ್ತು ನೆರವಿನ ಪ್ರಾಜೆಕ್ಟು ಎಷ್ಟೋ ಸಲ ಒಂದು ವರ್ಷದ್ದು, ಅದಕ್ಕಿಂತ ಚಿಕ್ಕದೂ ಇರುತ್ತದೆ. ಆದರೆ ನಿರಾಶ್ರಿತರ ಬದುಕು ವರ್ಷದ ಲೆಕ್ಕಕ್ಕೆ ಸಿಗುವುದಿಲ್ಲ. ಕೀನ್ಯಾದ ದದಾಬ್ ಶಿಬಿರಗಳು 1991ರಿಂದ ಇವೆ. ಅಲ್ಲೇ ಹುಟ್ಟಿದವರಿಗೆ ಈಗ ಮಕ್ಕಳಾಗಿವೆ. ಮೂವತ್ತು ದಾಟಿದ ‘ತುರ್ತು’ ಅದು.

ಇನ್ನು ಆಫೀಸಿನ ಖರ್ಚಿನ ವಿಷಯ. ಯುರೋಪಿಯನ್ ಒಕ್ಕೂಟ ತನ್ನ ನೆರವಿನಲ್ಲಿ ಪರೋಕ್ಷ ಖರ್ಚಿಗೆ ಶೇ 7ರಷ್ಟು ಕೊಡುತ್ತದೆ. ಲೆಕ್ಕಪತ್ರ, ಸಿಬ್ಬಂದಿ ವಿಭಾಗ, ಕಂಪ್ಯೂಟರ್ ವ್ಯವಸ್ಥೆ, ಹೆಡ್ ಆಫೀಸಿನ ಬಾಡಿಗೆ, ಎಲ್ಲ ಅದರಲ್ಲೇ ಮುಗಿಯಬೇಕು. ಸಾಮಾನ್ಯ ದಾನಿಗಳಿಗೂ ‘ನನ್ನ ನೂರು ರೂಪಾಯಿ ಪೂರ್ತಿ ಬಡವರಿಗೇ ಹೋಗಬೇಕು’ ಎಂಬ ಆಸೆ. ಕೇಳಲು ಚೆನ್ನ. ಆದರೆ ಗೋದಾಮಿನ ಲೆಕ್ಕ ಇಡುವವರಿಗೆ ಸಂಬಳ ಕೊಡದಿದ್ದರೆ ಆ ನೂರು ರೂಪಾಯಿಯ ಅಕ್ಕಿ ಎಲ್ಲಿ ಹೋಯಿತು ಅಂತ ಯಾರು ಹೇಳುತ್ತಾರೆ? ಸಂಸ್ಥೆಗಳು ಖರ್ಚು ಕಡಿಮೆ ತೋರಿಸಲು ಪೈಪೋಟಿ ನಡೆಸುತ್ತವೆ. ದಾನಿಗಳು ಅಷ್ಟರಲ್ಲೇ ಆಗುತ್ತದೆ ಅಂತ ನಂಬುತ್ತಾರೆ. ಮುಂದಿನ ಸಲ ಇನ್ನೂ ಕಡಿಮೆ ಕೇಳುತ್ತಾರೆ. ಕೊನೆಗೆ ಮೂರು ಜನರ ಕೆಲಸ ಒಬ್ಬರು ಮಾಡುತ್ತಿರುತ್ತಾರೆ. ಅಮೆರಿಕದ ಇಬ್ಬರು ತಜ್ಞರು 2009ರಲ್ಲೇ ಈ ಸುಳಿಯನ್ನು ವಿವರಿಸಿ ಬರೆದಿದ್ದರು. ಸುಳಿ ಇನ್ನೂ ತಿರುಗುತ್ತಲೇ ಇದೆ.

ರಿಪೋರ್ಟುಗಳ ಬಗ್ಗೆ ಒಂದು ಮಾತು. ಲೆಕ್ಕ ಕೇಳುವುದು ತಪ್ಪಲ್ಲ, ಕೇಳಲೇಬೇಕು. ನೆರವಿನ ದುಡ್ಡು ಕದ್ದವರೂ ಇದ್ದಾರೆ, ನೆರವಿನ ಹೆಸರಲ್ಲಿ ಜನರನ್ನು ಶೋಷಿಸಿದವರೂ ಇದ್ದಾರೆ. ಹೈಟಿ ಭೂಕಂಪದ ನಂತರ ಬ್ರಿಟನ್ನಿನ ನೆರವು ಸಂಸ್ಥೆ ಆಕ್ಸ್‌ಫ್ಯಾಮ್‌ನ ಕೆಲವು ಸಿಬ್ಬಂದಿ ಅಲ್ಲಿ ನಡೆದುಕೊಂಡ ರೀತಿ 2018ರಲ್ಲಿ ಬಯಲಾದಾಗ ಇಡೀ ವಲಯ ತಲೆ ತಗ್ಗಿಸಬೇಕಾಯಿತು. ತೊಂದರೆ ಇರುವುದು ಲೆಕ್ಕ ಯಾರಿಗೆ ಎಂಬಲ್ಲಿ. ಐದು ದಾನಿಗಳಿದ್ದರೆ ಐದು ಬೇರೆ ಬೇರೆ ನಮೂನೆ ತುಂಬಬೇಕು. ‘ಎಷ್ಟು ಸೋಪು ಹಂಚಿದಿರಿ’ ಅನ್ನುವುದಕ್ಕೆ ಕಾಲಂ ಇರುತ್ತದೆ. ‘ಅವರಿಗೆ ಸೋಪು ಬೇಕಿತ್ತಾ’ ಅನ್ನುವುದಕ್ಕೆ ಇರುವುದಿಲ್ಲ. ಇದ್ದರೂ ಅದಕ್ಕೆ ಬಂದ ಉತ್ತರದಿಂದ ಮುಂದಿನ ಕಂತು ನಿಲ್ಲುವುದಿಲ್ಲ. ನಗದು ನೆರವು ಹೆಚ್ಚಾದ ಕಡೆ ಈ ಕಿರಿಕಿರಿ ಸ್ವಲ್ಪ ಇಳಿದಿದೆ. ಹಣ ಕೈಗೆ ಕೊಟ್ಟರೆ ಏನು ಬೇಕು ಅಂತ ಅವರೇ ತೀರ್ಮಾನಿಸುತ್ತಾರೆ. ಆದರೆ ಅದಿನ್ನೂ ಒಟ್ಟು ಮಾನವೀಯ ನೆರವಿನ ಐದನೇ ಒಂದು ಭಾಗದ ಆಸುಪಾಸಿನಲ್ಲೇ ಇದೆ.

ಅಪಾಯದ ಹಂಚಿಕೆ

2024ರಲ್ಲಿ ಲೋಕದಾದ್ಯಂತ 383 ನೆರವು ಕಾರ್ಯಕರ್ತರು ಕೊಲ್ಲಲ್ಪಟ್ಟರು ಅಂತ ವಿಶ್ವಸಂಸ್ಥೆ ಹೇಳಿದೆ. ಅಲ್ಲಿಯವರೆಗಿನ ಅತಿ ದೊಡ್ಡ ಸಂಖ್ಯೆ ಅದು. ಅದರಲ್ಲಿ 181 ಮಂದಿ ಗಾಜಾದಲ್ಲಿ, 60 ಮಂದಿ ಸುಡಾನ್‌ನಲ್ಲಿ. ಹೆಚ್ಚಿನವರು ಹೊರಗಿನಿಂದ ಹೋದವರಲ್ಲ, ಅಲ್ಲಿಯವರೇ. ಇದರಲ್ಲಿ ಆಶ್ಚರ್ಯ ಇಲ್ಲ. ನೆರವು ಕಾರ್ಯಕರ್ತರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಆಯಾ ದೇಶದವರೇ. ಪೋಸ್ಟರಿನಲ್ಲಿ ಕಾಣುವ ಮುಖ ಮಾತ್ರ ಬೇರೆ.

ಈ ಕೆಲಸದ ಅತಿ ಕಹಿಯಾದ ಭಾಗ ಇದು. ಒಂದೇ ಟೆಂಟಿನಲ್ಲಿ, ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಹೊರಗಿನಿಂದ ಬಂದವರಿಗೆ ಒಂದು ಸಂಬಳ, ಅಲ್ಲಿಯವರಿಗೆ ಇನ್ನೊಂದು. ಗುಂಡಿನ ಸದ್ದು ಹತ್ತಿರ ಬಂದಾಗ ಒಬ್ಬರಿಗೆ ವಿಮಾನ ಬರುತ್ತದೆ, ಇನ್ನೊಬ್ಬರು ಮನೆಗೆ ನಡೆಯಬೇಕು. ಆ ಮನೆ ಗುಂಡು ಬರುತ್ತಿರುವ ಕಡೆಗೇ ಇರಬಹುದು. ವಿಮಾನ ಹತ್ತಿದವರೂ ನೆಮ್ಮದಿಯಿಂದ ಇರುವುದಿಲ್ಲ. ಬಿಟ್ಟುಬಂದವರ ನೆನಪು ವರ್ಷಗಟ್ಟಲೆ ಕಾಡುತ್ತದೆ ಅಂತ ಹೇಳಿಕೊಂಡವರು ಎಷ್ಟೋ ಮಂದಿ.

ದುಡ್ಡಿನ ಕಥೆಯೂ ಹೀಗೇ. 2016ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದೊಡ್ಡ ದಾನಿಗಳೂ ದೊಡ್ಡ ಸಂಸ್ಥೆಗಳೂ ‘ಗ್ರ್ಯಾಂಡ್ ಬಾರ್ಗೇನ್’ ಎಂಬ ಒಪ್ಪಂದ ಮಾಡಿಕೊಂಡವು. 2020ರೊಳಗೆ ಕನಿಷ್ಠ ಶೇ 25ರಷ್ಟು ಹಣ ಸಾಧ್ಯವಾದಷ್ಟೂ ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ ಸಿಗಬೇಕು ಅಂತ ಮಾತಾಯಿತು. ಗಡುವು ಮುಗಿದು ವರ್ಷಗಳಾದವು. ನೇರವಾಗಿ ತಲುಪುವ ಪಾಲು ಶೇ 5ನ್ನೂ ಮುಟ್ಟಿಲ್ಲ. ಸ್ಥಳೀಯ ಸಂಸ್ಥೆಗೆ ಲೆಕ್ಕ ಇಡುವ ಶಕ್ತಿ ಸಾಲದು ಅನ್ನುತ್ತಾರೆ. ಲೆಕ್ಕ ಇಡುವವರ ಸಂಬಳಕ್ಕೆ ದುಡ್ಡು ಕೊಡುವುದಿಲ್ಲ. ಶಕ್ತಿ ಎಲ್ಲಿಂದ ಬರಬೇಕು?

ಸಿಬ್ಬಂದಿಯ ಸುರಕ್ಷತೆಗೆ ಸಂಸ್ಥೆ ಎಷ್ಟು ಹೊಣೆ ಎಂಬ ಪ್ರಶ್ನೆ ಕೋರ್ಟಿಗೂ ಹೋಗಿದೆ. 2012ರಲ್ಲಿ ದದಾಬ್‌ನಲ್ಲಿ ನಾರ್ವೇಜಿಯನ್ ರೆಫ್ಯೂಜಿ ಕೌನ್ಸಿಲ್‌ನ ವಾಹನಗಳ ಮೇಲೆ ದಾಳಿ ನಡೆಯಿತು. ಒಬ್ಬ ಚಾಲಕ ಸತ್ತ, ನಾಲ್ವರನ್ನು ಅಪಹರಿಸಿದರು. ನಾಲ್ಕು ದಿನದ ನಂತರ ಅವರು ಬಿಡುಗಡೆಯಾದರು. ಅವರಲ್ಲೊಬ್ಬರು ಹೂಡಿದ ಮೊಕದ್ದಮೆಯಲ್ಲಿ 2015ರಲ್ಲಿ ಓಸ್ಲೋದ ನ್ಯಾಯಾಲಯ, ಸಂಸ್ಥೆಯದು ಗಂಭೀರ ನಿರ್ಲಕ್ಷ್ಯ ಅಂತ ತೀರ್ಪು ಕೊಟ್ಟು ಪರಿಹಾರ ಕೊಡಲು ಹೇಳಿತು. ‘ಅಪಾಯ ಗೊತ್ತಿದ್ದೇ ಬಂದಿದ್ದೀರಿ’ ಎಂಬ ಮಾತಿಗೆ ಅಲ್ಲಿ ಬೆಲೆ ಸಿಗಲಿಲ್ಲ. ಆಮೇಲೆ ಎಷ್ಟೋ ಸಂಸ್ಥೆಗಳು ತಮ್ಮ ಸುರಕ್ಷತಾ ನಿಯಮಗಳನ್ನು ತೆಗೆದು ನೋಡಿಕೊಂಡವು.

ಯಾರನ್ನು ಬಿಡುವುದು?

ಇದೊಂದು ಸಂಕಟ ಮಾತ್ರ ಆಡಳಿತ ಸುಧಾರಿಸಿದರೂ ಪೂರ್ತಿ ಹೋಗುವಂಥದ್ದಲ್ಲ. 2025ಕ್ಕೆ ವಿಶ್ವಸಂಸ್ಥೆ ಸುಮಾರು 19 ಕೋಟಿ ಜನರಿಗೆ ನೆರವು ಕೊಡಲು 4,700 ಕೋಟಿ ಡಾಲರ್ ಬೇಕು ಅಂತ ಹೊರಟಿತ್ತು. ದುಡ್ಡು ಬತ್ತಿದ ಮೇಲೆ ಜೂನ್‌ನಲ್ಲಿ ಅದನ್ನು 2,900 ಕೋಟಿ ಡಾಲರ್‌ಗೆ ಇಳಿಸಿ, 11.4 ಕೋಟಿ ಜನರನ್ನು ಮಾತ್ರ ಮುಂದಿಟ್ಟುಕೊಂಡಿತು. ಉಳಿದವರ ಕಷ್ಟ ತೀರಿತ್ತು ಅಂತಲ್ಲ. ಅವರ ಹೆಸರಿನ ಮುಂದೆ ಗೆರೆ ಎಳೆಯಲಾಯಿತು. ಈ ಗೆರೆ ಎಳೆಯುವ ಕೆಲಸ ಕೊನೆಗೆ ಬಂದು ನಿಲ್ಲುವುದು ಯಾವುದೋ ಶಿಬಿರದಲ್ಲಿ ಪಟ್ಟಿ ಹಿಡಿದು ಕೂತ ಒಬ್ಬ ನೌಕರರ ಮುಂದೆ. ಆರು ಮಕ್ಕಳ ವಿಧವೆಗೆ ಕೊಡಬೇಕಾ, ನಡೆಯಲಾಗದ ಮುದುಕನಿಗಾ? ಬೈಗುಳ ತಿನ್ನುವವರೂ ಇವರೇ. ದೂರದ ಕೋಣೆಯಲ್ಲಿ ತೀರ್ಮಾನ ಮಾಡಿದವರಿಗೆ ಆ ಮುಖಗಳು ಕಾಣುವುದಿಲ್ಲ.

ಕೆಲವೊಮ್ಮೆ ನೆರವೇ ಕೇಡಿಗೆ ದಾರಿಯಾಗುತ್ತದೆ. 1994ರಲ್ಲಿ ರುವಾಂಡಾದ ನರಮೇಧದ ನಂತರ ಲಕ್ಷಾಂತರ ಜನ ಗಡಿ ದಾಟಿ ಆಗಿನ ಜೈರ್, ಈಗಿನ ಕಾಂಗೊ ದೇಶದ ಗೋಮಾ ಸುತ್ತಮುತ್ತ ಶಿಬಿರ ಸೇರಿದರು. ಅವರ ನಡುವೆ ಕೊಲೆಗಡುಕರೂ ಇದ್ದರು. ಶಿಬಿರದ ಹತೋಟಿ ಅವರ ಕೈಯಲ್ಲೇ ಇತ್ತು, ನೆರವಿನ ಆಹಾರದಿಂದ ಅವರೂ ಕೊಬ್ಬುತ್ತಿದ್ದರು. ಮೆಡಿಸಾನ್ ಸಾನ್ ಫ್ರಾಂಟಿಯರ್‌ನ ಫ್ರೆಂಚ್ ಶಾಖೆ ನವೆಂಬರ್‌ನಲ್ಲಿ ಜಾಗ ಖಾಲಿ ಮಾಡಿತು. ಅದೇ ಸಂಸ್ಥೆಯ ಬೇರೆ ಶಾಖೆಗಳು ಇನ್ನೂ ಕೆಲ ಕಾಲ ಉಳಿದವು, ರೋಗಿಗಳನ್ನು ಬಿಟ್ಟು ಹೇಗೆ ಹೋಗುವುದು ಅಂತ. ಯಾರು ಸರಿ? ಇಷ್ಟು ವರ್ಷ ಆದರೂ ಆ ವಾದ ಮುಗಿದಿಲ್ಲ. ಮುಗಿಯುವಂಥದ್ದೂ ಅಲ್ಲ ಅನ್ನಿಸುತ್ತದೆ.

ಇದರ ಜೊತೆಗೆ ಬಾಯಿ ಕಟ್ಟಿಕೊಂಡಿರುವ ಕಷ್ಟ. ಕಂಡದ್ದನ್ನು ಹೊರಗೆ ಹೇಳಿದರೆ ಅಲ್ಲಿನ ಆಳುವವರು ವೀಸಾ ರದ್ದು ಮಾಡುತ್ತಾರೆ, ಔಷಧಿಯ ಲಾರಿ ನಿಲ್ಲುತ್ತದೆ. ಹೇಳದಿದ್ದರೆ ನಿದ್ದೆ ಬರುವುದಿಲ್ಲ. 1863ರಲ್ಲಿ ಹುಟ್ಟಿದ ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿ ಸಾಮಾನ್ಯವಾಗಿ ಬಹಿರಂಗವಾಗಿ ಮಾತಾಡದೆ ಒಳಗೆ ಹೋಗುವ ದಾರಿ ಹಿಡಿಯಿತು. ಅದರ ಪರವಾಗಿ ನೈಜೀರಿಯಾದ ಬಿಯಾಫ್ರಾ ಯುದ್ಧದಲ್ಲಿ ದುಡಿದು ಈ ಮೌನಕ್ಕೆ ಬೇಸತ್ತ ಫ್ರೆಂಚ್ ವೈದ್ಯರಲ್ಲಿ ಕೆಲವರು 1971ರಲ್ಲಿ ಬೇರೆ ಸಂಸ್ಥೆ ಕಟ್ಟಲು ಮುಂದಾದರು. ಮೇಲೆ ಎರಡು ಸಲ ಹೆಸರು ಬಂದ ವೈದ್ಯರ ಸಂಸ್ಥೆ ಅದೇ. ಎರಡೂ ದಾರಿ ಇವತ್ತಿಗೂ ನಡೆಯುತ್ತಿವೆ, ಎರಡಕ್ಕೂ ತಮ್ಮ ತಮ್ಮ ಬೆಲೆ ಇದೆ. ಸೇರುವವರು ತಮಗೆ ಯಾವುದು ಒಗ್ಗುತ್ತದೆ ಅಂತ ಮೊದಲೇ ಯೋಚಿಸಿದರೆ ಒಳ್ಳೆಯದು.

ಯೋಗ ಶಿಬಿರ ಸಾಲದು

ಸಿಬ್ಬಂದಿ ಸುಸ್ತಾದರೆ ಹೆಚ್ಚಿನ ಸಂಸ್ಥೆಗಳು ಮಾಡುವುದು ಏನು? ಕೌನ್ಸೆಲಿಂಗ್ ನಂಬರ್ ಕೊಡುತ್ತವೆ, ಯೋಗ ಶಿಬಿರ ಇಡುತ್ತವೆ. ಬೇಡ ಅನ್ನುತ್ತಿಲ್ಲ. ಭೀಕರವಾದದ್ದನ್ನು ಕಂಡವರಿಗೆ ಕೌನ್ಸೆಲಿಂಗ್ ಬೇಕೇ ಬೇಕು. ಆದರೆ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್, ಅಂದರೆ ಕೆಲಸದಿಂದ ಪೂರ್ತಿ ಬಳಲಿಹೋಗುವುದರ ಬಗ್ಗೆ ಏನು ಹೇಳಿತು ನೋಡಿ. ಅದು ಕಾಯಿಲೆ ಅಲ್ಲ, ಕೆಲಸದ ಜಾಗದಲ್ಲಿ ಸರಿಯಾಗಿ ನಿಭಾಯಿಸದೆ ಬಿಟ್ಟ ಒತ್ತಡದಿಂದ ಬರುವಂಥದ್ದು ಅಂತ. ಅಂದರೆ ಮದ್ದು ಬೇಕಾಗಿರುವುದು ಕೆಲಸದ ವ್ಯವಸ್ಥೆಗೇ ಹೊರತು ಮನುಷ್ಯನಿಗೆ ಮಾತ್ರ ಅಲ್ಲ. ಮೂರು ತಿಂಗಳಿಗೊಮ್ಮೆ ನವೀಕರಿಸುವ ಕಾಂಟ್ರಾಕ್ಟ್ ಕೊಟ್ಟು ‘ಒತ್ತಡ ನಿವಾರಣೆ’ ಪಾಠ ಮಾಡುವುದರಲ್ಲಿ ಅರ್ಥ ಇಲ್ಲ. ‘ಸೇವಾ ಮನೋಭಾವ ಇರಲಿ’ ಅಂತ ಹೇಳಿ ರಜೆ ಕತ್ತರಿಸುವ ಮೇಲಧಿಕಾರಿಗಳ ಬಗ್ಗೆ ನನಗೆ ಒಂಚೂರೂ ಸಹನೆ ಇಲ್ಲ. ತ್ಯಾಗ ಮಾಡುವವರ ಇಷ್ಟದಿಂದ ಬರಬೇಕು, ಇಲಾಖೆಯ ಸುತ್ತೋಲೆಯಿಂದಲ್ಲ.

ಈ ಕೆಲಸಕ್ಕೆ ಸೇರಬೇಕು ಅಂದುಕೊಂಡವರು ಇಂಟರ್‌ವ್ಯೂನಲ್ಲಿ ಧೈರ್ಯವಾಗಿ ಕೆಲವನ್ನು ಕೇಳಬಹುದು. ಸಂಸ್ಥೆಯ ಹಣದಲ್ಲಿ ಷರತ್ತಿಲ್ಲದ್ದು ಎಷ್ಟು? ದೊಡ್ಡ ದಾನಿ ಒಬ್ಬರು ಕೈಬಿಟ್ಟರೆ ಎಷ್ಟು ತಿಂಗಳು ನಡೆಯುತ್ತದೆ? ಪರಿಸ್ಥಿತಿ ಕೆಟ್ಟರೆ ಸ್ಥಳೀಯ ಸಿಬ್ಬಂದಿಗೆ ಏನು ಏರ್ಪಾಡು? ನೆರವು ಪಡೆದವರು ದೂರು ಹೇಳಿದ್ದರಿಂದ ಕಳೆದ ವರ್ಷ ನೀವು ಏನನ್ನು ಬದಲಾಯಿಸಿದಿರಿ? ಈ ಕೊನೆಯ ಪ್ರಶ್ನೆಗೆ ಅವರು ಇಂಥ ಜಾಗದಲ್ಲಿ ಹೀಗಾಯಿತು, ಹೀಗೆ ಸರಿಮಾಡಿದೆವು ಅಂತ ಬಿಡಿಸಿ ಹೇಳಿದರೆ, ಸಂಬಳ ಸ್ವಲ್ಪ ಕಡಿಮೆ ಇದ್ದರೂ ಯೋಚಿಸಬಹುದು. ‘ಸಮುದಾಯದ ದನಿಗೆ ನಾವು ತುಂಬ ಮಹತ್ವ ಕೊಡುತ್ತೇವೆ’ ಅಂತ ಮುಗಿಸಿದರೆ ಬೇರೆ ಕಡೆಯೂ ಒಂದು ಅರ್ಜಿ ಹಾಕಿಡಿ.